ಮೂರು ಕಿಲೋ ನೂರು

ತಕ್ಕಡಿ ಹೇಳಿದ್ದು ಮೂರು ಕಿಲೋ ಇನ್ನೂರು.
ಅದರ ಸ್ಪ್ರಿಂಗು ಸಡಿಲ, ನನಗೆ ಗೊತ್ತು,
ಟ್ರಾಲಿಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವಳು.
ನೂರು ಗ್ರಾಂ ಕಳೆದೇ ಬರೆದುಕೊಂಡೆ
ಅಕ್ಟೋಬರಿನ ಚೌಕದೊಳಗೆ.

ಬಳ್ಳಿ ನನ್ನದಲ್ಲ. ಯಾರದೂ ಅಲ್ಲ.
ಬುಡ ನೆಲಮಹಡಿಯ ಕಿಟಕಿಯಡಿ,
ಸೊಂಟ ಎರಡನೆಯ ಮಹಡಿಯ ಕಂಬಿಗೆ,
ತಲೆ ನಾಲ್ಕನೆಯದರಲ್ಲಿ, ನನ್ನ ಬಾಲ್ಕನಿಯ
ಬಟ್ಟೆ ಒಣಹಾಕುವ ತಂತಿ ಹಿಡಿದು ನಿಂತಿದೆ.
ಕುತಾಯಿಸಿಯ ಈ ಹಳೆಯ ಕಟ್ಟಡಕ್ಕೆ ಲಿಫ್ಟು ಇಟ್ಟೇ ಇಲ್ಲ;
ದಮ್ಮು ಕಟ್ಟದೆ ಹತ್ತಿಬರುವುದು ಇದೊಂದೇ.

ಒತಿಯಾ ಇದ್ದಾಗ ನಲವತ್ತು ಕಿಲೋ ಇಳಿಯುತ್ತಿತ್ತು.
ಪ್ಯಾಂಟು ಮಡಚಿ ಸ್ನಾನದ ತೊಟ್ಟಿಯಲ್ಲಿ ತುಳಿಯುತ್ತಿದ್ದ;
ನವೆಂಬರ್ ತನಕ ನಮಗೆಲ್ಲ ಬಕೆಟ್ಟಿನ ಮೀಹ.
ವೈನು ಕೆಟ್ಟದಾಗಿರುತ್ತಿತ್ತು. ಹೇಳಿದವರಿಲ್ಲ.
ಹೋದ ಮಾರ್ಚಿನಲ್ಲಿ ಗೋಡೆಗೆ ಬಣ್ಣ ಬಳಿಯುವವರು ಬಂದು
ಮೂರು ಕವಲು ಕಡಿದುಹಾಕಿದರು. ಒಂದು ಉಳಿಯಿತು,
ಗ್ಯಾಸಿನ ಕೊಳವೆಯ ಹಿಂದೆ ಅಡಗಿದ್ದು.

ಎಟುಕದ ದ್ರಾಕ್ಷಿ ಹುಳಿ ಎಂದಿತಂತೆ ನರಿ.
ಎಟುಕಿದ್ದೂ ಹುಳಿಯೇ, ನರಿಯಪ್ಪಾ, ತಿಂದು ನೋಡಿದೆ.
ಸಿಪ್ಪೆ ಬೆರಳಲ್ಲೇ ಉಳಿದು ತಿರುಳು ಮಾತ್ರ
ಜಾರಿತು ಗಂಟಲಿಗೆ, ಕದ್ದವನ ಹಾಗೆ.

ಮೂರು ಕಿಲೋ ಎಂಬುದು ಕಷ್ಟದ ಅಂಕಿ:
ವೈನಿಗೆ ಕಡಿಮೆ, ಒಬ್ಬಳ ಬಾಯಿಗೆ ಹೆಚ್ಚು.
ಎದುರುಮನೆಯ ಝುಝುನಾ ಜಾಮು ಮಾಡು ಎಂದಳು,
ಅವಳ ಸಕ್ಕರೆಯ ದುಡ್ಡು ಅವಳ ಮಗ ಕೊಡುತ್ತಾನೆ.
ಬಾತುಮಿಯಿಂದ ಮಗಳು ಫೋನಿನಲ್ಲಿ:
"ಬಿಸಾಡಮ್ಮ, ಅಂಗಡಿಯಲ್ಲಿ ಬೀಜವಿಲ್ಲದ್ದೇ ಸಿಗುತ್ತೆ."
ಬೀಜವಿಲ್ಲದ್ದು!
ಇವಳು ಹುಟ್ಟಿದ್ದು ಹೇಗೆಂದುಕೊಂಡಿದ್ದಾಳೆ.

ಎರಡು ದಿನ ಹಾಗೇ ಇತ್ತು, ಬೋಗುಣಿಯಲ್ಲಿ.
ಒಂದು ಕಣಜ ಬಂದು ಒಡತಿಯಂತೆ ಅಡ್ಡಾಡಿತು.
ಮೂರನೆಯ ದಿನ ಹಣ್ಣು ಬೆವರತೊಡಗಿತು.

ಹಿಸುಕಿದೆ. ಸೋಸಿದೆ. ಎರಡು ಲೀಟರಿಗೆ ಒಂದು ಲೋಟ ಕಡಿಮೆ.
ತಣ್ಣನೆಯ ರಸದಲ್ಲಿ ಮೆಕ್ಕೆಜೋಳದ ಹಿಟ್ಟು ಕದಡಿ
ಸಣ್ಣ ಉರಿಯ ಮೇಲೆ, ಒಂದೇ ದಿಕ್ಕಿಗೆ ಸೌಟು.
ಮಾತು ನಿಲ್ಲಿಸಬಹುದು, ಕೈ ನಿಲ್ಲಿಸಿದರೆ ಗಂಟು.
ಮೊದಲು ಗುಲಾಬಿ, ಆಮೇಲೆ ನೇರಳೆ, ಆಮೇಲೆ
ಕರೆಂಟು ಹೋದ ಸಂಜೆಯ ಒಂದು ಬಣ್ಣ.
ಗುಳ್ಳೆ 'ಪ್ಲಕ್' ಎಂದೊಡೆದು ಮಣಿಕಟ್ಟಿಗೆ ಸಿಡಿಯಿತೋ,
ಪೆಲಮುಷಿ ಆಯಿತೆಂದು ಲೆಕ್ಕ.
ಅಮ್ಮ ಕಲಿಸಿಹೋದ ಗಡಿಯಾರ ಅದು.

ಏಳು ತಟ್ಟೆ. ಮೇಲೆ ಚೂರು ಅಕ್ರೋಟು.
ಬಳ್ಳಿ ಹತ್ತಿಬಂದ ದಾರಿಯಲ್ಲೇ ಇಳಿಸಿದೆ,
ಬ್ರೆಡ್ಡು ತರಿಸುವ ಬುಟ್ಟಿ, ಅದೇ ಹಗ್ಗ.
ಮೂರನೆಯ ಮಹಡಿಗೆ ಎರಡು, ಅಲ್ಲಿ ಮಕ್ಕಳಿದ್ದಾವೆ.
ಎರಡನೆಯದರಲ್ಲಿ ಯಾರೂ ಇಲ್ಲ, ಬೆಕ್ಕು ಮೂಸಿ ಮುಖ ತಿರುಗಿಸಿತು.
ನೆಲಮಹಡಿಯಲ್ಲಿ ಹೊಸ ಬಾಡಿಗೆಯ ಹುಡುಗ ದಾಚಿ,
ಊಟದ ಡಬ್ಬ ಹೊತ್ತು ಸೈಕಲ್ಲಿನಲ್ಲಿ ಊರು ಸುತ್ತುವವನು,
ತಲೆಯೆತ್ತಿದ: "ಇದು ಯಾವ ಲೆಕ್ಕಕ್ಕೆ, ಅಜ್ಜಿ?"
"ಬುಡದ ಬಾಡಿಗೆ" ಎಂದೆ.
ಬುಡವೆ? ಏಳು ತಿಂಗಳಿಂದ
ಅದಕ್ಕೇ ಸೈಕಲ್ಲು ಒರಗಿಸಿ ಬೀಗ ಜಡಿಯುತ್ತಿದ್ದನಂತೆ,
ಒಣಕಂಬವೆಂದುಕೊಂಡು.

ಝುಝುನಾ ಸಕ್ಕರೆ ಸಾಲದೆಂದಳು, ತಟ್ಟೆ ಕೆರೆದು ತಿಂದಳು.
ಮಿಕ್ಕವನ್ನು ನಾನೇ ತಿಂದೆ, ನಿಂತೇ, ದೀಪ ಹಾಕದೆ.

ಕೊಟ್ಟ ತಟ್ಟೆ ಬರಿದೇ ಮರಳಬಾರದಲ್ಲ.
ಮರುದಿನ ಹಗ್ಗ ಎಳೆದರೆ ತೊಳೆದ ತಟ್ಟೆ, ಅದರೊಳಗೆ
ಸೈಕಲ್ಲಿನ ಹಳೆ ಟ್ಯೂಬು,
ಬೆರಳಗಲ ಸೀಳಿದ ಹನ್ನೊಂದು ಪಟ್ಟಿ:
ತಂತಿ ಕೊರೆಯದ ಹಾಗೆ ಬಳ್ಳಿ ಕಟ್ಟಲು.
ಅವನಿಗೆ ಯಾರು ಹೇಳಿಕೊಟ್ಟರೋ.

ಸಿಪ್ಪೆ, ಬೀಜ ಜಾಡಿಯಲ್ಲಿ ನೀರು ಕುಡಿಯುತ್ತ ಕೂತಿವೆ.
ವಿನಿಗರ್ ಆಗಬಹುದು, ಆಗದಿರಬಹುದು.
ಬೆರಳು ಮಾತ್ರ ಇನ್ನೂ ನೀಲಿ.
ಪಿಂಚಣಿಯ ಕಿಟಕಿಯಲ್ಲಿ ಆ ಹುಡುಗಿ ಕೇಳಿದಳು:
"ಪೆನ್ನು ಸೋರಿತೇ, ಅಜ್ಜಿ?"
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಸೋರಿಲ್ಲ, ಎಂದೆ.