ಮೇಣದ ದಾರ

ಮೂರೂವರಿ. ಮಷೀನು ಬಡಿಯೂದು ನಿಂತ ಮ್ಯಾಲೂ
ನನ್ನ ಎದ್ಯಾಗಿಂದು ನಿಲ್ಲಲಿಲ್ಲ.

ಮಾಲಕರು ಸ್ಟೇಷನ್ ರೋಡಿಗೆ ಚಾ ಕುಡಿಯಾಕ ಹೋಗಿದ್ರು.
ನನ್ನ ಮುಂದ ಎಂಟನೇ ಇಯತ್ತೆ ಗಣಿತದ ಗೈಡು,
ಹೊಲಿಗಿ ಕಾಣದ ಬಿಡಿ ಹಾಳಿ.

ಮೊದಲ ಬೆರಳ ತುದಿ ಜುಮ್ ಅಂತು.
ಆಮ್ಯಾಲ ತುಟಿ. ಆಮ್ಯಾಲ ಎಡಗೈ ನಂದಲ್ಲ ಅನಸ್ತು,
ಯಾರೋ ಬಸ್ಸಿನ್ಯಾಗ ಮರತು ಇಳದು ಹೋದ ಕೈ.
ಬಾಯಿ ಒಣಗಿ ರಟ್ಟಾತು.
ಗ್ವಾಡಿ ಹಿಂದಕ್ಕ ಸರದ್ವು, ಪಂಕಾದ ಸಪ್ಪಳ ಕಿವಿಯೊಳಗ ಬಂತು.
ಸತ್ನಿ, ಅಂದ್ಕೊಂಡ್ನಿ.
ಈಗ, ಇಲ್ಲೇ,
ವೃತ್ತದ ವಿಸ್ತೀರ್ಣದ ಮ್ಯಾಲ ತಲಿ ಇಟ್ಟು.

ಇದು ಒಂಬತ್ತನೇ ಸಲ.
ಮೊದಲನೇ ಸಲ ನಮ್ಮನಿಯವರು ಆಟೋದಾಗ ದವಾಖಾನಿಗೆ ಒಯ್ದಿದ್ರು.
ಎದಿಗೆ ತಣ್ಣನ ಬಟ್ಟಲ ಅಂಟಿಸಿ
ಉದ್ದಾನ ಗುಲಾಬಿ ಹಾಳಿ ಮ್ಯಾಲ ಗೆರಿ ತಗದ್ರು.
ಆ ಹಾಳಿ ಬೆರಳಿಲೆ ತಿಕ್ಕಿ ನೋಡಿದ್ನಿ: ಛಲೋ ಕಾಗದ, ನುಣ್ಣಗ.
"ಏನೂ ಇಲ್ಲ ತಾಯಿ" ಅಂದ್ರು ಡಾಕ್ಟರು.
ಏನೂ ಇಲ್ಲದ್ದು ಇಷ್ಟು ವಜ್ಜಾ ಇರ್ತೈತೇನ್ರಿ
ಅಂತ ಕೇಳೂದಿತ್ತು.
ಹೊರಗ ಆಟೋದವ ಹಾರ್ನ್ ಹಾಕ್ದ.

ಅತ್ತಿ ಅಂದ್ಳು, ಗಾಳಿ ಸೋಕೇತಿ.
ಉಪ್ಪು, ಒಣಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿ,
"ನೋಡು, ಘಾಟು ಬರವಲ್ದು" ಅಂದ್ಳು.
ಗಾಳಿ!
ಕಪ್ಪತಗುಡ್ಡದ ಕಡೆ ಸಾಲಾಗಿ ನಿಂತಾವಲ್ಲ ಬಿಳೀ ಪಂಕಾ,
ಹಗಲು ರಾತ್ರಿ ತಿರಗಿ ತಿರಗಿ
ಯಾರ್ಯಾರದೋ ಊರಿಗೆ ಕರೆಂಟ್ ಕಳಸ್ತಾವ.
ಇಷ್ಟೆಲ್ಲಾ ಗಾಳಿ ಇರೂ ಗದಗ ಜಿಲ್ಲಾದಾಗ
ನನ್ನ ಪಾಲಿಗೆ ಒಂದು ಬೊಗಸಿ ಸಿಗವಲ್ದು.

ಹುಸೇನಸಾಬ ಕಾಕಾ ಮೂಲ್ಯಾಗ ರಟ್ಟು ಕೊಯ್ಯಾಕತ್ತಿದ್ದ.
ನೋಡ್ದ. ಏನಾತು ಅನ್ನಲಿಲ್ಲ.
ಹೆದರಬ್ಯಾಡ ಅನ್ನಲಿಲ್ಲ.
(ಹಂಗ ಅನ್ನೂ ಮಂದಿಗೆಲ್ಲ ನನ್ನ ಎದಿ ಒಂದು ದಿನ ಕೈಗಡ ಕೊಡಬೇಕು.)
ಉಂಡಿಯಿಂದ ದಾರ ಬಿಚ್ಚಿ ಒಂದು ತುದಿ ಕಿಡಕಿ ಸಳಿಗೆ ಕಟ್ಟಿ
ಇನ್ನೊಂದು ನನ್ನ ಕೈಗೆ ಕೊಟ್ಟ.
"ಜಗ್ಗಿ ಹಿಡಿಯವ್ವಾ, ಮೇಣ ತಿಕ್ಕಬೇಕು."

ಹಿಡದ್ನಿ. ದಾರ ನಡುಗ್ತು, ನನ್ನ ಸುದ್ದಿ ಹೊತ್ಕೊಂಡು
ಕಿಡಕಿತನಕ ಹೋತು.
ಅವ ಮೇಣ ಒತ್ತಿಕೋತ ನನ್ನ ಕಡೆ ಬಂದ, ಸಾವಕಾಶ.
ತಿರಗಿ ಹೋದ, ಇನ್ನೂ ಸಾವಕಾಶ, ಮಣಕಾಲು ಬ್ಯಾನಿ ಅವಂಗ.
ಅವ ಬರೂವಾಗ ಉಸಿರು ಒಳಗ ಬಂತು,
ಹೋಗೂವಾಗ ಹೊರಗ ಹೋತು.
ನಾ ಮಾಡಿದ್ದಲ್ಲ. ತಾನ ಆತು.

ಎಷ್ಟನೇ ಸುತ್ತಿಗೋ ಗೊತ್ತಿಲ್ಲ,
ಹಿಮ್ಮಡದ ಕೆಳಗ ಫರ್ಸಿ ತಣ್ಣಗೈತಿ ಅನ್ನೂದು ತಿಳೀತು.
ಅಂಟಿನ ವಾಸನಿ ಬಂತು. ಎಡಗೈ ವಾಪಸ್ ಬಂತು,
ಬೆವತು, ನಾಚಿಕೊಂಡು.

"ನಿಮಗೂ ಬರ್ತೈತೇನ್ ಕಾಕಾ?"
ಅರ್ಧ ಬೆರಳಿನ ಕೈ ಎತ್ತಿ ತೋರ್ಸಿದ.
"ಕಟಿಂಗ್ ಮಷೀನು ಇದನ್ನ ತಗೊಂಡ ಮ್ಯಾಲ, ಎರಡು ವರ್ಷ.
ಅದರ ಸಪ್ಪಳ ಆದ್ರ ಸಾಕು, ಅಂಗಿ ಬಿಗಿ ಆಗೂದು."
ಮತ್ತ ರಟ್ಟು ಕೊಯ್ಯಾಕ ಕುಂತ.
ನಾ ಹಾಳಿ ಎಣಸಾಕ ಹತ್ತಿದ್ನಿ. ಇಪ್ಪತ್ನಾಕಕ್ಕ ಒಂದು ದಸ್ತ.
ಹದಿನಾರರಾಗ ತಪ್ಪಿತು. ಮೊದಲಿಂದ.
ಹತ್ತೊಂಬತ್ತರಾಗ ತಪ್ಪಿತು. ಮೊದಲಿಂದ.

ಹೋತು ಅಂತ ಹೇಳಾಕ ಬರೂದಿಲ್ಲ.
ಮೊನ್ನಿ ಬೆಟಗೇರಿ ಬಸ್ಸಿನ್ಯಾಗ ಬಂತು, ನಿಂತ ಜಾಗಾದಾಗ.
ನಿನ್ನಿ ಒಲಿ ಮುಂದ, ರೊಟ್ಟಿ ಬಡಿಯೂವಾಗ.
ಸೆರಗಿನ ಗಂಟಿನ್ಯಾಗ ಒಂದು ಮೊಳ ದಾರ ಇಟ್ಟೀನಿ.
ಚಿಲಕಕ್ಕ ಸುತ್ತಿ, ಜಗ್ಗಿ ಹಿಡದು
ಉಗುರಿಲೆ ಮೇಣ ತೀಡ್ಕೋತ ನಿಂತಿದ್ನಿ.
ಹಂಚಿನ ಮ್ಯಾಲ ರೊಟ್ಟಿ ಕರ್ರಗಾತು.
ಅತ್ತಿ ಬಂದು ನೋಡಿದ್ಳು, ದನಿ ಇಳಿಸಿ ಕೇಳಿದ್ಳು,
"ಯಾವ ದೇವರ ದಾರನ ಅದು?"

ಹೇಳಲಿಲ್ಲ.
ಇಪ್ಪತ್ತೊಂದಕ್ಕ ಬಂದಿದ್ನಿ,
ತಪ್ಪಿಸ್ಕೊಳ್ಳಾಕ ಮನಸಿರಲಿಲ್ಲ.