ಹಿಂಬದಿಯ ಹಲಗೆ

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಕ್ಯುಮಿ ನದಿ ಮಾತು ನಿಲ್ಲಿಸಿ ವಾರವಾಯಿತು.
ಒಳಗೆ, ನೆಲಮಾಳಿಗೆಯ ಮೂಲೆಯಲ್ಲಿ,
ಆಳೆತ್ತರದ ಆಟದ ಪೆಟ್ಟಿಗೆಯ ಹೊಟ್ಟೆಯೊಳಗೆ
ಅಂಗೈಯಗಲದ ಗ್ರಾಫಿಕ್ಸ್ ಕಾರ್ಡು
ತೊಂಬತ್ತನಾಲ್ಕು ಡಿಗ್ರಿಯಲ್ಲಿ ಬೇಯುತ್ತಿದೆ.

"ನಮ್ಮ ಸೌನಾ ಕೂಡ ಎಂಬತ್ತು ದಾಟುವುದಿಲ್ಲ"
ಎನ್ನುತ್ತಾಳೆ ತೆರ್ತು. ಸಿಟ್ಟು ಅವಳಿಗೆ.
ಹದಿನೆಂಟನೆಯ ನಿಮಿಷ, ಕೊನೆಯ ಹಡಗು,
ಇನ್ನೆರಡು ಗುಂಡು ಸಾಕಿತ್ತು.
ಪರದೆಯ ತುಂಬ ನೇರಳೆ ಗೀಟು,
ಆಮೇಲೆ ಕಪ್ಪು.
ಅರವತ್ತೊಂಬತ್ತರ ಹೆಂಗಸು, ಸ್ಟೂಲಿನ ಮೇಲೆ ಕೂತು
ಕೆಂಪು ಗುಂಡಿಯನ್ನು ಇನ್ನೂ ಒತ್ತುತ್ತಲೇ ಇದ್ದಾಳೆ,
ಸತ್ತವರ ನಾಡಿ ಹಿಡಿದು ನೋಡುವ ಹಾಗೆ.

ಅರ್ಮಸ್ ಹಿಂಬದಿಯ ಹಲಗೆ ಕಳಚಿದ.
ಮೂವತ್ತೊಂದು ವರ್ಷ ಕಾಗದದ ಗಿರಣಿಯಲ್ಲಿ
ಒಣಗಿಸುವ ಉರುಳೆಗಳನ್ನು ಕಾದವನು;
ಬಿಸಿಯ ಮೇಲೆ ಅವನಿಗೆ ಮುನಿಸಿಲ್ಲ,
ದಾರಿ ತಪ್ಪಿದ ಬಿಸಿಯ ಮೇಲೆ ಮಾತ್ರ.
ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿನ ಮೈಗಿಟ್ಟು
ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗಾನಿಸಿ
ಕಣ್ಣು ಮುಚ್ಚಿದ.
ಮನೆಯಷ್ಟು ದೊಡ್ಡ ಯಂತ್ರಕ್ಕೂ ಹೀಗೇ ಕಿವಿಗೊಟ್ಟಿದ್ದ.
ಬೇರಿಂಗು ಚೆನ್ನಾಗಿದೆ. ಫ್ಯಾನು ಸುಳ್ಳು ಹೇಳುತ್ತಿಲ್ಲ.

ಮೊದಲು ಧೂಳು.
ಸೈಕಲ್ ಪಂಪಿನಿಂದ ಊದಿದರೆ
ಲೋಹದ ಎಸಳುಗಳ ಸಂದಿಯಿಂದ
ಹಿಂಜಿದ ಅರಳೆಯಂತೆ ಎದ್ದಿತು ಬೂದು,
ಅದರೊಳಗೆ, ಮೂರು ಚಳಿಗಾಲದ ಹಿಂದೆ ಸತ್ತ
ಬೆಕ್ಕಿನ ಕೂದಲು.
"ಮುರು" ಎಂದಳು ತೆರ್ತು. ಅಷ್ಟೇ ಎಂದಳು.

ತೊಂಬತ್ತೆರಡು.

ಆಮೇಲೆ ಲೇಪ. ಚಿಪ್ಪಿನ ನೆತ್ತಿಯ ಮೇಲೆ
ಹಳೇ ಗೋಡೆಯ ಗಾರೆಯಂತೆ ಬಿರಿದಿತ್ತು.
ಸ್ಪಿರಿಟ್ಟಿನಲ್ಲಿ ಒರೆಸಿ, ಬಟಾಣಿಯಷ್ಟು ಹೊಸದನ್ನಿಟ್ಟು
(ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು)
ಮೂಲೆಯಿಂದ ಎದುರು ಮೂಲೆಗೆ
ನಾಲ್ಕು ತಿರುಪು ಬಿಗಿದ.
ಪ್ರತಿ ಸಲವೂ ಹಲಗೆ ಮುಚ್ಚಿಯೇ ಪರೀಕ್ಷೆ.
ಅಚ್ಚುಕಟ್ಟಿನ ಮನುಷ್ಯ.

ತೊಂಬತ್ತೊಂದು.
ಬೆಟ್ಟ ಅಗೆದು ಇಲಿ ಹಿಡಿದದ್ದು, ಒಂದು ಡಿಗ್ರಿಯ ಇಲಿ.

ಬೇಸತ್ತು ಹಲಗೆ ಬಿಚ್ಚಿಟ್ಟು
ಕಾಫಿಗೆಂದು ಮೇಲೆ ಹೋದರು, ಮುಚ್ಚುವುದನ್ನು ಮರೆತರು.
ಮರಳಿದಾಗ ಆಟ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು.
ಅಂಕಿ: ಅರವತ್ತೆಂಟು.

ಗೋಡೆಯಾಚೆ ಊರಿಗೆಲ್ಲ ಸಾಲುವಷ್ಟು ಥಂಡಿ.
ಹಲಗೆಯೀಚೆ ಪಾಪದ ಕಾರ್ಡು
ತಾನು ಬಿಟ್ಟ ಉಸಿರನ್ನೇ
ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು.
ಈ ಪೆಟ್ಟಿಗೆ ಕಟ್ಟಿದವನು ಯಾರೋ,
ಎಂದಳು ತೆರ್ತು, ಅವನನ್ನೇ ನೋಡುತ್ತ.

ತೂತು ಕೊರೆಯಬೇಕು. ಮೇಲ್ಗಡೆಯೇ;
ಬಿಸಿಗೆ ಏರುವುದೊಂದೇ ಗೊತ್ತು.
ಆದರೆ ಆ ಹಲಗೆ ಬರಿಯ ಪ್ಲೈವುಡ್ಡಲ್ಲ.
ಗಿರಣಿ ಮುಚ್ಚಿದ ರಾತ್ರಿ ಕಂಟ್ರೋಲ್ ರೂಮಿನಿಂದ ಕಿತ್ತು ತಂದದ್ದು,
ಕೊನೆಯ ಪಾಳಿಯವರೆಲ್ಲ ಮಾರ್ಕರಿನಲ್ಲಿ ಹೆಸರು ಬರೆದದ್ದು:
ಓಲಾವಿ, ರೈನೆ, ಕುಳ್ಳ ಸುಲೊ, ಕ್ರೇನಿನ ಐರಾ,
ತನ್ನ ಹೆಸರನ್ನೇ ತಪ್ಪು ಬರೆದು, ಹೊಡೆದು,
ಮತ್ತೆ ಬರೆದ ತಾವಿ.
ಬೀಗ ಹಾಕುವವನು ಕೊನೆಗೆ ಬರೆಯುತ್ತಾನೆ.
ಅರ್ಮಸ್‌ಗೆ ಉಳಿದಿದ್ದದ್ದು
ನೆತ್ತಿಯ ಬಲಮೂಲೆ.

ಪೆನ್ಸಿಲಿನಿಂದ ವೃತ್ತ ಎಳೆದ, ಹನ್ನೆರಡು ಸೆಂಟಿಮೀಟರು.
ಎಡಕ್ಕೆ ಸರಿಸಿದರೆ ಐರಾ. ಕೆಳಗಿಳಿಸಿದರೆ ರೈನೆ.
ಅಳಿಸಿದ. ಬಲಕ್ಕೆ ಎಳೆದ.
"ಇನ್ನೂ ಯಾಕೆ ತಡ?" ತೆರ್ತುವಿನ ಬೆರಳು ಆಗಲೇ ಗುಂಡಿಯ ಮೇಲೆ.
ಗರಗಸ ಬಾಯಿ ಬಿಟ್ಟಿತು. ಮರದ ಹುಡಿಯಲ್ಲಿ
ಗಿರಣಿಯದೇ ವಾಸನೆ, ಒಂದು ಗಳಿಗೆ.

ಎಪ್ಪತ್ತೊಂದು.
ಹದಿನೆಂಟನೆಯ ನಿಮಿಷ ಬಂತು, ಹೋಯಿತು.
ಕೊನೆಯ ಹಡಗು ಮುಳುಗಿತು. ಹೆಸರು ಬರೆ ಎಂದಿತು ಪರದೆ,
ಮೂರೇ ಅಕ್ಷರಕ್ಕೆ ಜಾಗ; ಅವಳಿಗೆ ಅಷ್ಟು ಸಾಕು.

ಕೊರೆದು ತೆಗೆದ ಬಿಲ್ಲೆ ಈಗ ಅಡುಗೆಮನೆಯಲ್ಲಿ
ಕಾಫಿ ಲೋಟದ ಅಡಿಗಿದೆ.
ಕಂದು ಕಲೆಗಳ ನಡುವೆ "ಅರ್ಮ" ಎಂದು ಓದಬಹುದು.
"ಸ್" ಗರಗಸದ ಹಲ್ಲಿಗೆ ಹೋಯಿತು.
ರಾತ್ರಿ ತೆರ್ತು ಆಡುವಾಗ
ಮೆಟ್ಟಿಲ ಮೇಲೆ ನಿಂತರೆ ಕೇಳಿಸುತ್ತದೆ ಅದು,
ಪೆಟ್ಟಿಗೆಯ ಹಿಂದೆ, ತೂತಿನಲ್ಲಿ,
ಬೆಚ್ಚಗೆ, ಬಿಡದೆ.