ಎರಡು ಬೆರಳಿನ ಸಂದು

ಬರ್ರಿ ಮೇಡಂ, ಕುಂದರ್ರಿ. ನೀವು ಕಡಲ ಕಡೀದವರು,
ಬೀದರದ ಥಂಡಿ ನಿಮಗ ಇನ್ನಾ ಗುರ್ತಿಲ್ಲ.
ದೀಪಾವಳಿ ಮುಗಿಯೋತನಕ ಮೆತ್ತಗ ಇರ್ತದ,
ಎಳ್ಳಮಾಸಿ ಹೊತ್ತಿಗಿ ಕ್ವಾಟಿ ಕಂದಕದಿಂದ ಎದ್ದು
ಚಪ್ಪಲಿ ಸುದ್ದಾ ಕಳೀದೆ ಮನಿ ಒಳಗ ಬರ್ತದ.

ಅದಕ್ಕ ಸಿಗಡಿ ತಂದೀರಿ. ಚಲೋ ಮಾಡೀರಿ,
ನಾ ಬ್ಯಾಡ ಅನ್ನಲ್ಲ.
ಆದರ ಆ ಕಿಟಕಿ ಸಂದಿನ್ಯಾಗ
ನಾ ಇಟ್ಟ ಅರ್ಧ ಇಟ್ಟಂಗಿ ಯಾರು ತೆಗದ್ರು?
ಅದು ಕಸ ಅಲ್ರಿ.
ಏಳು ವರ್ಷದಿಂದ ಅಲ್ಲೇ ಅದ.

ಹೊಗಿಗಿ ನೀವು ಅಂಜ್ತೀರಿ, ನನಗ ಗೊತ್ತದ.
ಹೊಗಿ ಪಾಪ, ಬಾಯಿಬಡಕ.
ಹಸಿ ಬೇವಿನ ಕಟಗಿ ಹಾಕಿದ್ರ
ಓಣಿಗೆಲ್ಲ ಡಂಗುರ ಸಾರಿ ಬರ್ತದ,
ಕಣ್ಣು ಉರಸ್ತದ, ಕೆಮ್ಮಸ್ತದ, ಕೊರಳು ಹಿಡಿದು ಹೊರಗ ಹಾಕ್ತದ.
ನಾ ಅಂಜೋದು ಕೆಂಡಕ್ಕ.
ಹೊಗಿ ಎಲ್ಲ ಹೋಗಿ, ಮೈತುಂಬ ಕೆಂಪಾಗಿ,
ತಲಿ ಮ್ಯಾಲ ನೀಲಿ ನಾಲಗಿ ಸಣ್ಣಗ ಆಡ್ತಿರ್ತದಲ್ಲ,
ಆಗ ನೋಡಲಿಕ್ಕ ಎಷ್ಟು ಸಭ್ಯ!
ಅದರ ಉಸುರಿಗಿ ಬಣ್ಣಿಲ್ಲ, ವಾಸನಿ ಇಲ್ಲ.
ಕೈಕಾಲು ಭಾರ ಮಾಡಿ, ಹಣಿ ಮ್ಯಾಲ ಕೈ ಇಟ್ಟು
ಮಲಗು, ಅಂತದ.
ಮಲಗ್ತೀವಿ.

ಆ ವರ್ಷ ನಾವೂ ಮಲಗಿದ್ವಿ.
ಕಿಟಕಿ ಸಂದಿಗಿ ಹಳೇ ಸೀರಿ ತುರುಕಿ,
ಬಾಗಿಲ ಬುಡಕ್ಕ ಗೋಣಿಚೀಲ ಒತ್ತಿ,
'ಈಗ ನೋಡಮು ಹ್ಯಾಂಗ ಬರ್ತದ' ಅಂತ
ಇವರು ಮೀಸಿ ತಿರುವಿದ್ರು.
ನಡುರಾತ್ರಿ ನಮ್ಮ ವೈಜುಗ ಉಚ್ಚಿ ಬಂತು.
ಎಂಟು ವರ್ಷದಂವ. ದಿನಾ ಹಾಸಿಗಿ ತೋಯಿಸ್ತಿದ್ದ,
ಅವತ್ತು ಸಂಜಿಗೇ ಬೈದಿದ್ದೆ, ಇವತ್ತರ ಎದ್ದು ಹೋಗೊ ಅಂತ.
ಎದ್ದಾನ. ಚಿಲಕ ತೆಗದಾನ.
ಹೊಸ್ತಿಲ ಮ್ಯಾಲ ಬಿದ್ದಾನ.
ಗುರುದ್ವಾರದ ಕಡಿಂದ ಆಟೋ ತಿರುಗಿಸಿ ಬರಲತ್ತಿದ್ದ ಘಾಳೆಪ್ಪ
'ಏನ್ ಮಂದಿ ಇದ್ದೀರೊ,
ಕೂಸಿನ ಥಂಡ್ಯಾಗ ಒಗದು ಬೆಚ್ಚಗ ಮಲಗೀರಿ' ಅಂತ
ಬೈದ. ಬೈದ. ಬೈದ.
ಒಳಗಿಂದ ಯಾರೂ ತಿರುಗಿ ಬೈಲಿಲ್ಲ.
ಆಗ ಅವನಿಗಿ ಸಂಶೆ ಬಂತು,
ಯಾಕಂದ್ರ ನನ್ನ ಬಾಯಿ ಓಣಿಗೇ ಗೊತ್ತದ.

ದವಾಖಾನ್ಯಾಗ ಮೂರು ದಿನ.
ಮೋಡ ಆದ್ರ ಇನ್ನಾ ತಲಿ ಸಿಡೀತದ ನನಗ.
ವೈಜು ಈಗ ಹತ್ತನೇತ್ತೆ. 'ಅವ್ವ, ಉಚ್ಚಿ ಅನಬ್ಯಾಡ,
ನೀರು ಕುಡೀಲಿಕ್ಕ ಎದ್ದಿದ್ದ ಅನ್ನು' ಅಂತಾನ.
ಅವನ ಮುಂದ ನೀವೂ ಹಂಗೇ ಅನ್ರಿ.

ಆಮ್ಯಾಲ ಮಗದುಮ್ ಮಿಯಾನ ಕರಸಿದೆ.
ತಗಡಿನ ಒಲಿ, ಗ್ವಾಡಿ ಕೊರೆದು ಮ್ಯಾಲ ಹೋಗೋ ಕೊಳವಿ,
ಕೊಳವಿಗಿ ಒಂದು ಟೋಪಿ.
ಒಳಗ ತೊಗರಿ ಹೊಟ್ಟು ಒತ್ತಿ ಮಾಡಿದ ಗುಳಿಗಿ;
ಕುರಿ ಹಿಕ್ಕಿ ಅಂತ ತಿಳಿದು ಮೊದಲ ದಿನ ನಮ್ಮತ್ತಿ
ಚೀಲ ಪೂರಾ ಹಿತ್ತಲಿಗಿ ಚೆಲ್ಲಿ ಬಂದಿದ್ಲು.
ಮಿಯಾ ಅಂದ: 'ಅಕ್ಕಾ, ಕೊಳವಿ ಅಂದ್ರ ಮನಿ ಮೂಗು,
ತಿಂಗಳಿಗೊಮ್ಮೆ ಸೀನಸು.'
ಸೀನಸ್ತೀನಿ. ಬಿದರಿನ ತುದಿಗಿ ನಾರು ಕಟ್ಟಿ ತಿಕ್ಕಿದ್ರ
ಕಾಡಿಗಿ ಬುಟ್ಟಿಗಟ್ಟಲೆ ಉದರ್ತದ.
ಬೂದಿ ಸತ್ತದ ಅಂತ ಮಾತ್ರ ನಂಬಬ್ಯಾಡ್ರಿ,
ನನ್ನ ಪ್ಲಾಸ್ಟಿಕ್ ಬುಟ್ಟಿ ತಳ ಹ್ವಾದದ್ದು ಹಂಗೇ ನಂಬಿ.

ನಿಮ್ಮ ಸಿಗಡಿ ಅಂಗಳದಾಗ ಇರಲಿ.
ಕೈ ಕಾಸ್ಕೋರಿ, ಬದ್ನಿಕಾಯಿ ಸುಡ್ರಿ, ನನ್ನೂ ಕರೀರಿ.
ನೀವು ಒಳಗ ಮಲಗೋ ಮುಂದ ಅದು ಹೊರಗ ಮಲಗಲಿ.
ಥಂಡಿ ಬರ್ತದ, ಬರವಲ್ದ್ಯಾಕ,
ಎರಡು ಬೆರಳಿನಷ್ಟು ಬರ್ತದ.
ಕೌದಿ ಒಂದು ಹೆಚ್ಚಿಂದು ನಾ ಕೊಡ್ತೀನಿ.
ಥಂಡಿ ಏನ್ ಮಾಡ್ತದ? ಬೆಳಗಾಮುಂಜಾನಿ ಎಬ್ಬಸ್ತದ, ಅಷ್ಟೇ.
ಎಬ್ಬಸಲಿ.

ತಗೋರಿ ಇಟ್ಟಂಗಿ. ಎಲ್ಲಿತ್ತೋ ಅಲ್ಲೇ ಇಡ್ರಿ.
ಮತ್ತ ಬಾಡಿಗಿ ಐದನೇ ತಾರೀಖು,
ಅದನ್ನೂ ಮರೀಬ್ಯಾಡ್ರಿ.